ಕೈಲಾಂಚದ ಕಾದಂಬರಿ, ಸಂಗಮದ ಹರಿಗೋಲು

ಬೆಂಗಳೂರು–ಮೈಸೂರು ಮಾರ್ಗದಲ್ಲಿ ಸಂಚರಿಸುವವರಿಗೆ ರಾಮನಗರವೆಂದೊಡನೆ ನೆನಪಿಗೆ ಬರುವುದು ಮುಗಿಲಿಗೆ ಬೆನ್ನು ಕೊಟ್ಟು ನಿಂತ ಹೆಬ್ಬಂಡೆಗಳು ಮತ್ತು ರೇಷ್ಮೆಗೂಡಿನ ಮಾರುಕಟ್ಟೆ. 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೊಸ ಹೆಸರನ್ನು ಪಡೆದ ಈ ಸೀಮೆಯ ಒಳಮಗ್ಗುಲಿನಲ್ಲಿ ಕೈಲಾಂಚವೆಂಬ ಹೋಬಳಿಯಿದೆ. ಹೆಸರು ಕಿವಿಗೆ ಬಿದ್ದೊಡನೆ ಕೈಲಾಸದ ನೆನಪಾಗುತ್ತದೆ. ಹಿಪ್ಪುನೇರಳೆಯ ತೋಟ, ಮಾವಿನ ತೋಪು, ರಾಗಿಯ ಹೊಲ, ಇವುಗಳ ನಡುವೆ ಅಲ್ಲಲ್ಲಿ ತಲೆಯೆತ್ತಿದ ಕರಿಗಲ್ಲು. ನೋಟಕ್ಕೆ ಇದೇ ಕೈಲಾಂಚದ ಸಿರಿ. ಈ ಹೋಬಳಿಯ ಅವ್ವೇರಹಳ್ಳಿಯ ಬಳಿಯೇ ಶ್ರೀ ರೇವಣಸಿದ್ಧೇಶ್ವರ ಬೆಟ್ಟವಿದೆ. ನಮ್ಮ ಸಮಾಜದ ಮನೆತನಗಳಷ್ಟೇ ಅಲ್ಲದೆ ಸುತ್ತಲಿನ ಎಲ್ಲ ಕುಲದವರೂ ಮೆಟ್ಟಿಲೇರಿ ಹಣ್ಣು–ಕಾಯಿ ಸಲ್ಲಿಸುವ ಕ್ಷೇತ್ರವದು.

ಇಂತಹ ಕಲ್ಲಿನ ಸೀಮೆಯಲ್ಲಿ ಕುಳಿತು ದೋಣಿಯ ಕಥೆಯನ್ನು ಬರೆಯಲು ಹೊರಟವರೊಬ್ಬರಿದ್ದಾರೆ. ಅವರು ನಮ್ಮ ಬಹುಕಾಲದ ಮಿತ್ರರು, ಶಾಲಾ ಅಧ್ಯಾಪಕರಾಗಿ ನಿವೃತ್ತರಾದವರು. ತಮ್ಮ ಹೆಸರು ಪುಸ್ತಕದ ಮೇಲೆ ಬಂದರೆ ಸಾಕು, ಪತ್ರಿಕೆಯಲ್ಲಿ ಬೇಡವೆಂಬ ಸಂಕೋಚದವರಾದ್ದರಿಂದ ಇಲ್ಲಿ ಅವರನ್ನು ಕಾದಂಬರಿಕಾರರೆಂದೇ ಕರೆಯುತ್ತೇವೆ. ಅಂಬಿಗರ ಚೌಡಯ್ಯನವರ ಬದುಕನ್ನು ಕಾದಂಬರಿಯಾಗಿಸಬೇಕೆಂಬುದು ಅವರ ಹಂಬಲ. ಕೈಬರಹದ ಪ್ರತಿಯನ್ನು ಹಿಡಿದು ಒಂದು ದಿನ ನಮ್ಮಲ್ಲಿಗೆ ಬಂದು, “ಶಾಸ್ತ್ರಿಗಳೇ, ವಚನದ ವಿಷಯದಲ್ಲಿ ತಪ್ಪಿದ್ದರೆ ತಿದ್ದಿರಿ” ಎಂದರು. ಬೆಟ್ಟದ ಮೆಟ್ಟಿಲ ಮೇಲೆ ಕುಳಿತೇ ಓದೋಣವೆಂದು ಅವರೊಡನೆ ಅವ್ವೇರಹಳ್ಳಿಗೆ ಹೋದೆವು.

ಭಾಷೆ ಸೊಗಸಾಗಿತ್ತು, ಭಕ್ತಿ ತುಂಬಿತ್ತು. ಕಾದಂಬರಿಯ ಎದೆಯಂತಿದ್ದ ಅಧ್ಯಾಯದಲ್ಲಿ ತುಂಗಭದ್ರೆಗೆ ಮಹಾಪೂರ ಬಂದಿದೆ, ಕಾರ್ತಿಕದ ಇರುಳು, ಜಂಗಮರೊಬ್ಬರನ್ನು ಆಚೆಯ ದಡಕ್ಕೆ ಮುಟ್ಟಿಸಬೇಕು. ಚೌಡಯ್ಯನವರು ದೋಣಿಯಲ್ಲಿ ಎದ್ದು ನಿಂತು, ಕೈಗಳನ್ನು ಮೇಲೆತ್ತಿ ಶಿವನನ್ನು ನೆನೆಯುತ್ತಾರೆ. ಹಾಯಿ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ದೋಣಿಯ ಮೂತಿ ಅಲೆಗಳನ್ನು ಸೀಳುತ್ತ ಬಾಣದಂತೆ ನೇರವಾಗಿ ಆಚೆಯ ದಡವನ್ನು ಮುಟ್ಟುತ್ತದೆ. ಅಲ್ಲಿ ಲಂಗರು ಇಳಿಯುತ್ತದೆ.

ಓದಿ ನಾವು ತಲೆದೂಗಿದೆವು. ಪೂರ ಬರುವುದು ಆಷಾಢ–ಶ್ರಾವಣಗಳಲ್ಲಲ್ಲವೇ, ಕಾರ್ತಿಕದಲ್ಲಿ ಮಹಾಪೂರವೇಕೆ ಎಂಬುದೊಂದೇ ನಮಗೆ ಹೊಳೆದ ಸಂದೇಹ. ಉಳಿದುದೆಲ್ಲ ಸರಿಯಾಗಿಯೇ ಕಂಡಿತು. ಕಾರಣವನ್ನು ಮರೆಮಾಚದೆ ಹೇಳಬೇಕು. ಚಿಕ್ಕಂದಿನಲ್ಲಿ ಮಠದ ಪಾಠಶಾಲೆಯಲ್ಲಿ ಓದಿ, ನಾಲ್ಕು ದಶಕಗಳಿಂದ ಊರೂರುಗಳಲ್ಲಿ ಪ್ರವಚನ ಮಾಡುತ್ತ ಬಂದ ನಾವು, ಭವಸಾಗರ, ಅಂಬಿಗ, ಹರಿಗೋಲು, ಆಚೆಯ ದಡ ಎಂಬ ಮಾತುಗಳನ್ನು ಎಷ್ಟು ಸಲ ಆಡಿದ್ದೇವೆಯೋ ಲೆಕ್ಕವಿಲ್ಲ. ಗುರುವೆಂಬ ಅಂಬಿಗನು ಭಕ್ತನನ್ನು ನೇರವಾಗಿ ದಡ ಸೇರಿಸುತ್ತಾನೆಂದು ನಾವೂ ಹೇಳಿದವರೇ. ಆದರೆ ಹರಿಗೋಲಿನ ಹುಟ್ಟನ್ನು ಒಮ್ಮೆಯೂ ಕೈಯಲ್ಲಿ ಹಿಡಿದವರಲ್ಲ.

“ಒಬ್ಬ ಅಂಬಿಗನಿಗೆ ಇದನ್ನು ಓದಿ ಹೇಳಿದರೆ ಹೇಗೆ?” ಎಂದು ಕಾದಂಬರಿಕಾರರೇ ಕೇಳಿದರು. ಆ ಮಾತಿನಿಂದ ಈ ಪ್ರಯಾಣ ಹುಟ್ಟಿತು.

ಕೈಲಾಂಚದ ಸೀಮೆಯವರಿಗೆ ನೆರೆಯ ನದಿಯೆಂದರೆ ಅರ್ಕಾವತಿ. ನಂದಿಬೆಟ್ಟದಲ್ಲಿ ಹುಟ್ಟಿ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆಗಳಲ್ಲಿ ತಡೆದು ನಿಂತು, ರಾಮನಗರ, ಕನಕಪುರಗಳನ್ನು ಹಾಯ್ದು ಕಾವೇರಿಯನ್ನು ಸೇರುವ ಹೊಳೆಯಿದು. ನಡುದಾರಿಯಲ್ಲಿ ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿಯೂ ಇದಕ್ಕೆ ಬಂದು ಕೂಡುತ್ತದೆ. ರಾಮನಗರದ ಸೇತುವೆಯ ಮೇಲೆ ನಿಂತು ನೋಡಿದರೆ ಇದರಲ್ಲಿ ಹರಿಗೋಲು ತೇಲಿಸುವ ಮಾತೇ ಹುಟ್ಟದು. ಆದರೆ ಇದೇ ಹೊಳೆ ಕಾವೇರಿಯನ್ನು ಕೂಡುವ ಸಂಗಮದಲ್ಲಿ, ಮೇಕೆದಾಟಿಗೆ ಹೋಗುವವರನ್ನು ದಾಟಿಸುವ ಅಂಬಿಗರಿದ್ದಾರೆ.

ಬೇಸಗೆಯ ಒಂದು ಮುಂಜಾನೆ ಕೈಲಾಂಚದಿಂದ ಹೊರಟು ಕನಕಪುರವನ್ನು ತಲುಪಿದೆವು. ಅಲ್ಲಿಂದ ದೊಡ್ಡಆಲಹಳ್ಳಿಯ ಮಾರ್ಗವಾಗಿ ಸಂಗಮಕ್ಕೆ ಸುಮಾರು 35 ಕಿಲೋಮೀಟರ್. ಕೊನೆಯ ಕೆಲವು ಮೈಲಿ ರಸ್ತೆ ಕಾಡಿನೊಳಗೆ ತಿರುತಿರುಗಿ ಇಳಿಯುತ್ತದೆ. 1987ರಲ್ಲಿ ವನ್ಯಧಾಮವೆಂದು ಘೋಷಿತವಾದ ಕಾವೇರಿ ಕಾಡಿದು. ಇಳಿಜಾರು ಮುಗಿಯುತ್ತಿದ್ದಂತೆ ಎರಡು ನೀರು ಒಂದಾಗುವ ನೋಟ ತೆರೆದುಕೊಳ್ಳುತ್ತದೆ. ಮಲಪ್ರಭೆ–ಕೃಷ್ಣೆಯರ ಕೂಡಲಸಂಗಮವನ್ನು ಕಂಡು ಬೆಳೆದ ಕಣ್ಣಿಗೆ, ಯಾವ ಸಂಗಮವಾದರೂ ಒಂದು ಕ್ಷಣ ಕೈಮುಗಿಸಿಯೇ ಮುಗಿಸುತ್ತದೆ.

ದಡದಲ್ಲಿ ಹರಿಗೋಲುಗಳನ್ನು ಬೋರಲು ಹಾಕಿದ್ದರು. ಇಲ್ಲಿಯವರು ಅದನ್ನು ತೆಪ್ಪವೆನ್ನುತ್ತಾರೆ. ಆ ನೆರಳಿನಲ್ಲಿ ಕುಳಿತಿದ್ದ ಹಿರಿಯ ಅಂಬಿಗರೊಬ್ಬರು ನಮ್ಮ ಹಣೆಯ ವಿಭೂತಿಯನ್ನು ಕಂಡು ಎದ್ದು, “ಬನ್ನಿ ಬುದ್ಧಿ” ಎಂದರು. ಬಂದ ಕಾರಣವನ್ನು ತಿಳಿಸಿ, ಕಾದಂಬರಿಕಾರರು ಆ ಅಧ್ಯಾಯವನ್ನು ಓದಿದರು. ಅಂಬಿಗರು ಕಣ್ಣು ಮುಚ್ಚಿ ಕೇಳಿದರು. ಹಾಯಿ ಬಿಚ್ಚಿಕೊಂಡ ಭಾಗಕ್ಕೆ ಬಂದಾಗ ಕಣ್ಣು ತೆರೆದರು. ಬಾಣದಂತೆ ನೇರವಾಗಿ ಹೋಯಿತೆಂದಾಗ ನಗುವನ್ನು ತಡೆಯಲಾಗದೆ, “ಬುದ್ಧೀ, ಇದಕ್ಕೆ ಮೂತಿನೇ ಇಲ್ಲ. ಇನ್ನು ನೇರ ಹೋಗೋದು ಎಲ್ಲಿಂದ ಬಂತು?” ಎಂದರು.

ಆಮೇಲೆ ಅವರು ಕೊಟ್ಟ ಪಾಠವನ್ನು ವಾಚಕರಿಗಾಗಿ ಕ್ರಮವಾಗಿ ಬರೆಯುತ್ತೇವೆ.

ಹರಿಗೋಲು ದುಂಡಗಿನ ದೊಡ್ಡ ಬುಟ್ಟಿ. ಬಿದಿರನ್ನು ಸೀಳಿ, ದಬ್ಬೆಗಳನ್ನು ಹೆಣೆದು, ಅಂಚಿಗೆ ದಪ್ಪ ಕಟ್ಟು ಕೊಡುತ್ತಾರೆ. ಹೊರಮೈಗೆ ಹಿಂದೆ ಚರ್ಮವನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆಯನ್ನೋ ಗೋಣಿಯನ್ನೋ ಹೊದಿಸಿ ಡಾಂಬರು ಬಳಿಯುತ್ತಾರೆ. ಅದಕ್ಕೆ ಮುಂದು ಹಿಂದು ಎಂಬುದಿಲ್ಲ, ಅಡಿಮರವಿಲ್ಲ. ಆದ್ದರಿಂದಲೇ ಬಂಡೆಗಳ ಮೇಲೆ ಗೇಣುದ್ದ ನೀರಿದ್ದರೂ ತೇಲಿ ದಾಟುತ್ತದೆ. ಉದ್ದ ದೋಣಿ ಕಲ್ಲಿಗೆ ಬಡಿದು ಒಡೆಯುವ ಕಡೆ ಇದು ಉಜ್ಜಿಕೊಂಡು ಜಾರುತ್ತದೆ. ಕಾವೇರಿ, ತುಂಗಭದ್ರೆಗಳಂತಹ ಬಂಡೆಗಲ್ಲಿನ ಹೊಳೆಗಳಲ್ಲಿ ಇದು ಉಳಿದು ಬಂದಿರುವ ಗುಟ್ಟು ಇದೇ.

ಆದರೆ ಮೂತಿಯಿಲ್ಲದ ಕಾರಣ, ಒಂದೇ ಬದಿಗೆ ಹುಟ್ಟು ಹಾಕಿದರೆ ಅದು ಗಿರಗಿರನೆ ತಿರುಗುತ್ತದೆ. ಅಂಬಿಗನು ಹೋಗಬೇಕಾದ ದಿಕ್ಕಿನ ಅಂಚಿನಲ್ಲಿ ಕುಳಿತು, ಹುಟ್ಟನ್ನು ಮುಂದೆ ಚಾಚಿ ನೀರನ್ನು ತನ್ನೆಡೆಗೆ ಎಳೆದುಕೊಳ್ಳಬೇಕು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸಬೇಕು. ನೀರನ್ನು ಹಿಂದಕ್ಕೆ ತಳ್ಳಿ ಮುಂದೆ ಸಾಗುವುದು ಉದ್ದ ದೋಣಿಯ ರೀತಿ. ಮುಂದಿನ ನೀರನ್ನು ತನ್ನ ಬಳಿಗೆ ಕರೆದುಕೊಂಡು ಸಾಗುವುದು ಹರಿಗೋಲಿನ ರೀತಿ. ನೀರು ತೆಳುವಾಗಿದ್ದರೆ ಜಲ್ಲೆಯನ್ನು ಊರಿ ನೂಕುವುದೂ ಉಂಟು.

ಇನ್ನು ದಾಟುವ ಬಗೆ. ಎದುರಿನ ದಡದಲ್ಲಿ ಎಲ್ಲಿ ಇಳಿಯಬೇಕೋ ಅದರ ನೇರಕ್ಕೆ ಯಾವ ಅಂಬಿಗನೂ ಹೊರಡುವುದಿಲ್ಲ. ಹೊಳೆ ತನ್ನ ಪಾಲನ್ನು ಎಳೆದುಕೊಳ್ಳುತ್ತದೆಂದು ಅವನಿಗೆ ಗೊತ್ತು. ಅದಕ್ಕೆ ಮೊದಲೇ ಮೇಲ್ದಿಕ್ಕಿಗೆ ಹೋಗಿ ನೀರಿಗಿಳಿಯುತ್ತಾನೆ. ಸೆಳವು ಕೆಳಕ್ಕೆ ಒಯ್ಯುತ್ತಿರುವಾಗ ಅಡ್ಡಡ್ಡವಾಗಿ ಹುಟ್ಟು ಹಾಕುತ್ತ, ಓರೆಯಾಗಿ ಸಾಗಿ, ಬೇಕಾದ ಕಡೆಗೇ ಬಂದು ಮುಟ್ಟುತ್ತಾನೆ. ಮರಳಿ ಬರುವ ಮೊದಲು ಹರಿಗೋಲನ್ನು ತಲೆಯ ಮೇಲೆ ಬೋರಲು ಹೊತ್ತು ದಡದುದ್ದಕ್ಕೂ ಮೇಲಕ್ಕೆ ನಡೆಯಬೇಕು. ಜನರನ್ನು ಹೊರುವುದು ಹರಿಗೋಲು, ಹರಿಗೋಲನ್ನು ಹೊರುವುದು ಅಂಬಿಗ. ಈ ಎರಡನೆಯ ಹೊರೆ ನಮ್ಮ ಯಾವ ಪ್ರವಚನದಲ್ಲೂ ಬಂದಿರಲಿಲ್ಲ.

“ಹಾಯಿ?” ಎಂದು ಕಾದಂಬರಿಕಾರರು ಆಸೆಯಿಂದ ಕೇಳಿದರು. ಅಂಬಿಗರು, “ಬುಟ್ಟಿಗೆ ಪಟ ಕಟ್ಟಿದ್ರೆ ಗಾಳಿ ಅದನ್ನ ಬುಗುರಿ ಆಡ್ಸುತ್ತೆ ಸ್ವಾಮಿ” ಎಂದರು. ಲಂಗರಿನ ಮಾತು ತೆಗೆದಾಗ, ಹಗ್ಗವೊಂದನ್ನು ತೋರಿಸಿ ಪಕ್ಕದ ಬಂಡೆಯನ್ನು ತೋರಿಸಿದರು.

ಹಳೆಯ ಕಾಲದಲ್ಲಿ ಬೇರೆ ಬಗೆಯ ದೋಣಿಗಳಿದ್ದಿರಬಹುದಲ್ಲವೇ ಎಂಬ ಸಂಶಯವನ್ನು ಕಾದಂಬರಿಕಾರರು ಎತ್ತಿದರು. ಇದಕ್ಕೆ ಉತ್ತರ ನಮ್ಮ ಬಳಿಯಿತ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಇದೇ ತುಂಗಭದ್ರೆಯನ್ನು ಜನ ದಾಟುತ್ತಿದ್ದ ಬಗೆಯನ್ನು ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದಿಪ್ಪತ್ತು ಜನರನ್ನು ಹೊರುತ್ತದೆ, ಅಗತ್ಯ ಬಿದ್ದರೆ ಕುದುರೆ–ಎತ್ತುಗಳನ್ನೂ ದಾಟಿಸುತ್ತದೆ, ನೇರವಾಗಿ ಹೋಗಲಾರದೆ ಸದಾ ಸುತ್ತುತ್ತಿರುತ್ತದೆ ಎಂದು ಅವನ ವಿವರಣೆ. ಈ ಹೊಳೆಗಳಿರುವ ಕಡೆಯಲ್ಲೆಲ್ಲ ಬೇರೆ ಬಗೆಯ ದೋಣಿಯೇ ಇಲ್ಲವೆಂದೂ ಸೇರಿಸಿದ್ದಾನೆ. ಚೌಡಯ್ಯನವರ ಊರೆಂದು ಪರಂಪರೆ ಹೇಳುವ ಚೌಡದಾನಪುರ, ಈಗಿನ ಹಾವೇರಿ ಜಿಲ್ಲೆಯಲ್ಲಿ, ಮುಕ್ತೇಶ್ವರ ದೇಗುಲದೊಡನೆ ಅದೇ ತುಂಗಭದ್ರೆಯ ದಡದಲ್ಲಿದೆ. ಶರಣರ ಕಾಲಕ್ಕೂ ಪಾಯೆಸನಿಗೂ ಮೂರೂವರೆ ಶತಮಾನಗಳ ಅಂತರವಿದ್ದರೂ, ಹೊಳೆಯ ಬಂಡೆಗಳು ಬದಲಾಗಿಲ್ಲ. ಚೌಡಯ್ಯನವರ ಕೈಯಲ್ಲಿ ಹುಟ್ಟು ಇತ್ತೆಂದು ಬರೆಯುವುದೇ ನ್ಯಾಯ.

ಆಗ ನಮಗೊಂದು ಮಾತು ಹೊಳೆಯಿತು. ಬಿದಿರನ್ನು ಹೆಣೆಯುವ ಕಾಯಕ ಮೇದಾರ ಕೇತಯ್ಯನವರದು. ಚರ್ಮದ ಕಾಯಕ ಸಮಗಾರ ಹರಳಯ್ಯನವರದು. ಹುಟ್ಟು ಹಾಕುವ ಕಾಯಕ ಅಂಬಿಗರ ಚೌಡಯ್ಯನವರದು. ಇವರೇ ಕೂಡಿ ಒಂದು ಹರಿಗೋಲನ್ನು ಮಾಡಿದರೆಂದು ನಾವು ಹೇಳುವುದಿಲ್ಲ, ಅದಕ್ಕೆ ಆಧಾರವಿಲ್ಲ. ಆದರೆ ಒಂದು ಹರಿಗೋಲು ನೀರಿಗಿಳಿಯಬೇಕಾದರೆ ಈ ಮೂರು ಕಾಯಕಗಳೂ ಕೂಡಲೇಬೇಕು. ಅನುಭವ ಮಂಟಪದಲ್ಲಿ ಯಾರ ಪಕ್ಕದಲ್ಲಿ ಯಾರು ಕುಳಿತಿದ್ದರೆಂಬುದರ ಅರ್ಥ, ಅಂದು ಆ ಬುಟ್ಟಿಯ ಪಕ್ಕದಲ್ಲಿ ಕುಳಿತಾಗ ನಮಗೆ ಇನ್ನೊಂದು ಬಗೆಯಲ್ಲಿ ತಿಳಿಯಿತು.

“ಕೂತು ನೋಡಿದ್ರೆ ಗೊತ್ತಾಗೋದು” ಎಂದು ಅಂಬಿಗರು ಹರಿಗೋಲನ್ನು ನೀರಿಗೆ ಬಿಟ್ಟರು. ಜೀವರಕ್ಷಕ ಕವಚವನ್ನು ತೊಡಿಸಿದರು. ಭಾರ ಸಮವಾಗುವಂತೆ ಒಬ್ಬೊಬ್ಬರನ್ನೂ ಎದುರು ಬದುರಾಗಿ, ತಳಕ್ಕೆ ಅಂಟಿ ಕೂರುವಂತೆ ಮಾಡಿದರು. ನಡುನೀರಿಗೆ ಬಂದಾಗ ಎರಡು ಹೊಳೆಗಳ ನೀರು ಕೂಡುವ ಗೆರೆ ಕಣ್ಣಿಗೆ ಬಿತ್ತು. ಅದನ್ನು ಕಾಣುವ ಉತ್ಸಾಹದಲ್ಲಿ ನಾವು, ಅರವತ್ತು ದಾಟಿದ ವಯಸ್ಸನ್ನೂ ಮರೆತು, ಅರೆಯೆದ್ದು ನಿಂತುಬಿಟ್ಟೆವು. ಹರಿಗೋಲು ಒಂದು ಬದಿಗೆ ವಾಲಿ, ಅಂಚಿನಿಂದ ನೀರು ಒಳನುಗ್ಗಿತು.

“ಕೂತ್ಕೋ! ಮೊದ್ಲು ಕೂತ್ಕೋ!”

ದಡದಲ್ಲಿ ಬುದ್ಧಿ ಎಂದವರ ಬಾಯಿಂದಲೇ ಏಕವಚನ ಸಿಡಿಯಿತು. ನಾವು ಥಟ್ಟನೆ ಕುಸಿದು ಕುಳಿತೆವು. ಎದೆ ಡವಗುಟ್ಟುತ್ತಿತ್ತು. ಎದುರಿಗೆ ಕಾದಂಬರಿಕಾರರ ಮುಖ ಬಿಳಿಚಿತ್ತು. ಅಂಬಿಗರು ಒಂದು ಮಾತನ್ನೂ ಆಡದೆ ಎರಡು ಸಲ ಹುಟ್ಟನ್ನು ಹೊರಳಿಸಿ ಹರಿಗೋಲನ್ನು ಸಮಕ್ಕೆ ತಂದರು. ದಡ ಸೇರಿದ ಮೇಲೆ ಕೈಮುಗಿದು, “ತಪ್ಪಾಯ್ತು ಅಯ್ನೋರೆ, ನೀರ ಮೇಲೆ ಮರ್ಯಾದೆ ನೋಡಕ್ಕಾಗಲ್ಲ” ಎಂದರು. ತಪ್ಪು ನಮ್ಮದೆಂದು ನಾವು ಕೈಮುಗಿದೆವು.

ಬಂಡೆಯ ಮೇಲೆ ಕುಳಿತು ಬಹಳ ಹೊತ್ತು ಯೋಚಿಸಿದೆವು. ಅಂಬಿಗರ ಚೌಡಯ್ಯನವರ ವಚನಗಳು ಇನ್ನೂರೈವತ್ತಕ್ಕೂ ಮಿಕ್ಕು ದೊರೆತಿವೆ. ಬೇರೆ ಅಂಕಿತವಿಲ್ಲದೆ ತಮ್ಮ ಹೆಸರನ್ನೇ ಅಂಕಿತವಾಗಿಸಿಕೊಂಡ ಶರಣರವರು. ಅವರ ಮಾತು ಬಹು ಖಾರ. ಡಾಂಭಿಕರನ್ನು ಕಂಡರೆ ಕೆರ ಬಿಚ್ಚಿ ಬಡಿದಂತಿರುತ್ತದೆ. ಆ ಬಿರುಸನ್ನು ವಿವರಿಸಲು ವಿದ್ವಾಂಸರಾದವರು ಸಮಾಜದ ಶೋಷಣೆಯನ್ನೋ ಸ್ವಭಾವವನ್ನೋ ಕಾರಣವಾಗಿ ಹೇಳುತ್ತೇವೆ. ಅವೆಲ್ಲ ನಿಜವಿರಬಹುದು. ಆದರೆ ದಿನವೂ ಹತ್ತಾರು ಜೀವಗಳನ್ನು ಬುಟ್ಟಿಯಲ್ಲಿ ಹೊತ್ತು ದಾಟಿಸುವವನಿಗೆ, ಎದ್ದು ನಿಂತ ಶ್ರೀಮಂತನನ್ನೂ ಪಂಡಿತನನ್ನೂ ಗದರಿ ಕೂರಿಸುವುದು ಕಾಯಕದ ಒಂದು ಭಾಗವೇ ಆಗಿತ್ತೆಂದು ನಮಗೆ ಅಂದು ತೋರಿತು. ಅಲ್ಲಿ ನಯದ ಮಾತಿಗೆ ಹೊತ್ತಿಲ್ಲ, ಗದರಿಕೆಯೇ ದಯೆ. ಇದು ನಮ್ಮ ಊಹೆ ಮಾತ್ರ. ಆದರೆ ಒದ್ದೆ ಪಂಚೆಯಲ್ಲಿ ಕುಳಿತು ಮಾಡಿದ ಊಹೆ.

ಕಾದಂಬರಿಕಾರರಿಗೆ ಇನ್ನೊಂದು ನೋವಿತ್ತು. “ಹಾಯಿಯೂ ಬೇಡ, ನೇರ ಹೋಗುವುದೂ ಬೇಡವೆಂದರೆ ಪವಾಡವೆಲ್ಲಿ ಉಳಿಯಿತು? ಭಕ್ತರು ಒಪ್ಪುವರೇ?” ಎಂದರು. ಉತ್ತರಕ್ಕಾಗಿ ನಮ್ಮ ಮುಖವನ್ನು ನೋಡಿದರು. ನಾವು ಬಾಯಿ ತೆರೆಯುವ ಮೊದಲೇ ಅಂಬಿಗರು, ಹರಿಗೋಲಿನೊಳಗಿನ ನೀರನ್ನು ಮೊಗೆದು ಚೆಲ್ಲುತ್ತ, “ದೇವ್ರೇ ದಾಟಿಸ್ಬಿಟ್ರೆ ಚೌಡಯ್ಯ ಏನ್ ಮಾಡ್ದ ಸ್ವಾಮಿ?” ಎಂದರು.

ಕಾಯಕದ ಕುರಿತು ನಾವು ಕೇಳಿದ, ಹೇಳಿದ ಪ್ರವಚನಗಳಲ್ಲಿ ಇಷ್ಟು ಚಿಕ್ಕ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಶರಣರ ಹರಿಗೋಲನ್ನು ಗಾಳಿಗೆ, ಪವಾಡಕ್ಕೆ ಒಪ್ಪಿಸಿದರೆ ಅವರ ತೋಳಿನ ದುಡಿಮೆಯನ್ನು ಕಿತ್ತುಕೊಂಡಂತಲ್ಲವೇ? ಭಕ್ತಿಯ ಹೆಸರಿನಲ್ಲಿ ನಾವು ಮಾಡುವ ಕಳ್ಳತನ ಇದು. ನಾವು ಕಾದಂಬರಿಕಾರರಿಗೆ ಬೇರೇನನ್ನೂ ಹೇಳಲಿಲ್ಲ. ಅವರು ಪ್ರತಿಯ ಆ ಪುಟಗಳ ಮೇಲೆ ಅಡ್ಡಗೆರೆ ಎಳೆದರು. ಎಳೆಯುವಾಗ ಕೈ ನಡುಗಿತು. ಮೂರು ತಿಂಗಳ ಬರವಣಿಗೆ ಅದು.

ಹಿಂದಿರುಗುವ ದಾರಿಯಲ್ಲಿ ಹಾಯಿಯ ಮಾತು ಮತ್ತೆ ಬಂತು. ಹಾಯಿಗೆ ನಮ್ಮ ನಾಡಿನಲ್ಲಿ ಸ್ಥಾನವಿಲ್ಲವೆಂದಲ್ಲ. ಅದರ ಸ್ಥಾನ ಕಡಲು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವೆಯಿಂದ ಕಡಲ ಮಾರ್ಗವಾಗಿ ಹೊನ್ನಾವರಕ್ಕೆ ಬಂದು, ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಯನ್ನು ತಲುಪಿ, ಘಟ್ಟ ಹತ್ತಿ ನಮ್ಮ ವೀರಶೈವ ಅರಸರ ಇಕ್ಕೇರಿಯನ್ನು ಕಂಡನು. ಆ ಕೆಳದಿ ಅರಸರ ಬಸರೂರಿನಿಂದ ಅಕ್ಕಿಯ ಹಡಗುಗಳು ಹೊರಡುತ್ತಿದ್ದವು. ಶಿವಾಜಿ 1665ರಲ್ಲಿ ಕಡಲ ದಂಡಿನೊಡನೆ ಬಂದು ಅದೇ ಬಸರೂರನ್ನು ಕೊಳ್ಳೆ ಹೊಡೆದನು. ಕರಾವಳಿಯ ಹಾಯಿದೋಣಿಗೆ ಓರೆಯಾಗಿ ಕಟ್ಟಿದ ಮರಕ್ಕೆ ಮೂಲೆಮೂಲೆಯಾದ ಹಾಯಿ, ಹಿಂದೆ ಚುಕ್ಕಾಣಿ. ಅದೂ ಗಾಳಿಗೆ ಎದುರಾಗಿ ನೇರ ಹೋಗಲಾರದು. ಓರೆಯೋರೆಯಾಗಿ ಹಾದಿ ಹಿಡಿಯಬೇಕು. ಇರುಳು ಕಳೆದು ಬೆಳಗಾಗುವಾಗ ನೆಲದಿಂದ ಕಡಲಿಗೆ ಬೀಸುವ ಗಾಳಿಯಲ್ಲಿ ಹೊರಟು, ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲಕ್ಕೆ ಬೀಸುವ ಗಾಳಿಯಲ್ಲಿ ಮರಳುವುದು ಮೀನುಗಾರರ ರೂಢಿಯಾಗಿತ್ತು. ಮುಂಗಾರಿನ ಅಬ್ಬರದಲ್ಲಿ ಬಂದರು ಮುಚ್ಚುತ್ತಿತ್ತು. ಅರಬರ ಕುದುರೆಯ ಹಡಗುಗಳು ಮುಂಗಾರಿನ ಕೊನೆಯ ಗಾಳಿಯನ್ನು ಹಿಡಿದು ಈ ದಡಕ್ಕೆ ಬಂದು, ಚಳಿಗಾಲದ ಈಶಾನ್ಯ ಗಾಳಿಯಲ್ಲಿ ಹಿಂದಿರುಗುತ್ತಿದ್ದವು.

ಇದನ್ನು ಕೇಳಿ ಕಾದಂಬರಿಕಾರರ ಮುಖ ಅರಳಿತು. ಕಲ್ಯಾಣದ ಸಂತೆಗೆ ಬಂದ ಕುದುರೆ ವ್ಯಾಪಾರಿಯೊಬ್ಬನನ್ನು ಕಥೆಗೆ ತಂದು, ಹಾಯಿಯ ವರ್ಣನೆಯನ್ನೆಲ್ಲ ಅವನ ಬಾಯಲ್ಲಿ ಹೇಳಿಸುವುದಾಗಿ ಅಲ್ಲಿಯೇ ನಿಶ್ಚಯಿಸಿದರು.

ತಿಂಗಳೊಂದರ ಬಳಿಕ ಕೈಲಾಂಚದ ಅವರ ಮನೆಯ ಪಡಸಾಲೆಯಲ್ಲಿ ಹೊಸ ಅಧ್ಯಾಯವನ್ನು ಕೇಳಿದೆವು. ಶ್ರಾವಣದ ಹೊಳೆ, ಚೌಡಯ್ಯನವರು ಹರಿಗೋಲನ್ನು ತಲೆಯ ಮೇಲೆ ಹೊತ್ತು ಮೇಲ್ದಿಕ್ಕಿಗೆ ನಡೆಯುತ್ತಾರೆ, ನಡುನೀರಿನಲ್ಲಿ ಎದ್ದು ನಿಂತ ಪಂಡಿತನೊಬ್ಬನನ್ನು ಏಕವಚನದಲ್ಲಿ ಗದರುತ್ತಾರೆ, ದಡ ಸೇರಿದಾಗ ಅವರ ಅಂಗೈ ಸುಲಿದಿರುತ್ತದೆ. ಆ ಪಂಡಿತ ಯಾರೆಂದು ನಮಗೆ ತಿಳಿಯದಿರಲಿಲ್ಲ. ಮೊದಲಿನ ಅಧ್ಯಾಯ ಓದಿದಾಗ ತಲೆದೂಗಿದ್ದೆವು. ಇದನ್ನು ಕೇಳಿದಾಗ ಕಣ್ಣು ಒದ್ದೆಯಾಯಿತು. ನಮ್ಮ ಪ್ರವಚನದಲ್ಲಿಯೂ ಒಂದು ಮಾತನ್ನು ತಿದ್ದಿಕೊಂಡಿದ್ದೇವೆ. ಗುರುವು ನೇರವಾಗಿ ದಡ ಸೇರಿಸುತ್ತಾನೆಂದು ಈಗ ಹೇಳುವುದಿಲ್ಲ. ಸೆಳವನ್ನು ಬಲ್ಲವನು ಓರೆಯಾಗಿಯೇ ಹಿಡಿದು ಸೇರಿಸುತ್ತಾನೆನ್ನುತ್ತೇವೆ. ನಮ್ಮ ಭಾಷೆಯಲ್ಲಿ ಜನ್ಮಕ್ಕೂ ಹುಟ್ಟು ಎನ್ನುತ್ತೇವೆ, ಅಂಬಿಗನ ಕೈಯ ಕೋಲಿಗೂ ಹುಟ್ಟು ಎನ್ನುತ್ತೇವೆ. ಹುಟ್ಟಿನಿಂದ ಬಂದುದನ್ನು ಹುಟ್ಟಿನಿಂದಲೇ ದಾಟಬೇಕು. ಅದಕ್ಕೆ ತೋಳು ನೋಯಬೇಕು.

ಸಂಗಮಕ್ಕೆ ಹೋಗಬಯಸುವ ಕುಟುಂಬಗಳಿಗೆ ಎರಡು ಮಾತು. ಮಳೆಗಾಲದಲ್ಲಿ ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟಾಗ ಹರಿಗೋಲು ನಿಲ್ಲುತ್ತದೆ. ಆದ್ದರಿಂದ ವಿಚಾರಿಸಿ ಹೊರಡಬೇಕು. ನೀರು ತಿಳಿಯಾಗಿ ಕಂಡರೂ ಬಂಡೆಗಳ ನಡುವೆ ಮಡುಗಳಿವೆ, ಸುಳಿಗಳಿವೆ. ಅಲ್ಲಿ ಜೀವ ಕಳೆದುಕೊಂಡವರು ಅನೇಕರು. ಮಕ್ಕಳನ್ನು ಈಜಲು ಬಿಡಬಾರದು. ಹರಿಗೋಲಿನಲ್ಲಿ ಅಂಬಿಗರು ಹೇಳಿದಂತೆ ಕೂರಬೇಕು. ನಿಮ್ಮ ವಿದ್ಯೆ, ಸಂಪತ್ತು, ವಿಭೂತಿ ಯಾವುದೂ ಅಲ್ಲಿ ಭಾರವನ್ನು ಕಡಿಮೆ ಮಾಡುವುದಿಲ್ಲ.

ಹೊರಡುವಾಗ ಆ ಹಿರಿಯರು ಅಯ್ಯನವರ ಬಳಿ ಕಾಸು ತೆಗೆದುಕೊಳ್ಳಬಾರದೆಂದು ಕೈ ಹಿಂದೆ ಕಟ್ಟಿದರು. ಕಾಯಕದ ಕೂಲಿಯನ್ನು ಬಿಡುವುದು ಶರಣರ ಮಾರ್ಗವಲ್ಲವೆಂದು ಒತ್ತಾಯಿಸಿ ಕೊಟ್ಟೆವು. ಅವರ ಮಗ ಕಾರ್ಖಾನೆಯ ಕೆಲಸಕ್ಕೆ ಬಿಡದಿಗೆ ಹೋಗಿದ್ದಾನೆ. ಮೊಮ್ಮಗನಿಗೆ ಹುಟ್ಟು ಹಿಡಿಯಲು ಬಾರದು. ಕಾದಂಬರಿ ಅಚ್ಚಾದ ದಿನ ಮೊದಲ ಪ್ರತಿಯನ್ನು ಅವರಿಗೆ ತಲುಪಿಸುವುದೆಂದು ನಾವಿಬ್ಬರೂ ಮಾತು ಕೊಟ್ಟಿದ್ದೇವೆ. ಓದು ಬಾರದ ಅವರಿಗೆ ಅದನ್ನು ಮೊಮ್ಮಗ ಓದಿ ಹೇಳುವನು.

ಪ್ರತಿ ವರ್ಷ ಜನವರಿ 21ರಂದು ಅಂಬಿಗರ ಚೌಡಯ್ಯನವರ ಜಯಂತಿಯಂದು ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಬರುವ ವರ್ಷ ಹಾರ ಹಾಕುವ ಮುನ್ನ, ಚಿತ್ರದಲ್ಲಿ ಅವರ ಕೈಯಲ್ಲಿ ಹುಟ್ಟು ಇದೆಯೇ ಎಂದು ಒಮ್ಮೆ ನೋಡೋಣ.